ಶಕುನಿಯ ವೈರಕಾರಣ ವಿಚಾರ

1988ನೆಯ ಇಸವಿ ಅಕ್ಟೋಬರ್ 2ನೆಯ ತಾರೀಖಿನಿಂದ 1990ನೆಯ ಇಸವಿ ಜೂನ್ 24ನೆಯ ತಾರೀಖಿನವರೆಗೆ ದೂರದರ್ಶನದಲ್ಲಿ 94 ಕಂತುಗಳಾಗಿ ಪ್ರಸಾರವಾದ ಮಹಾಭಾರತ ಧಾರಾವಾಹಿಯನ್ನು ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ನೋಡಿಯೇ ಇರುವರು. ಬಿ. ಆರ್. ಚೋಪ್ರಾ ಅವರು ಅದರ ನಿರ್ಮಾಪಕರು. ಸಂಭಾಷಣೆಯನ್ನು ರಚಿಸಿದವರು ರಾಹಿ ಮಾಸೂಮ್ ರಜಾ ಅವರು. ಆಗ ನಾನು ಪಾಠಶಾಲೆಯಲ್ಲಿ ಸಾಹಿತ್ಯವನ್ನು ಓದುತ್ತಿದ್ದ ವಿದ್ಯಾರ್ಥಿಯಾಗಿದ್ದೆನು. ಆದಿತ್ಯವಾರ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ನಾವೆಲ್ಲರೂ ಟೆಲಿವಿಷನ್ ಇದ್ದ ಒಂದು ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಭೀಷ್ಮನ ಗಾಂಭೀರ್ಯ, ಕೃಷ್ಣನ ಮಂದಹಾಸ ಇವುಗಳನ್ನು ಮೆಚ್ಚದವರಿರಲಿಲ್ಲ. ಆದರೆ ಮನೆಗೆ ಹಿಂದಿರುಗುವಾಗ ನಾವು ಅನುಕರಿಸುತ್ತಿದ್ದುದು ಗೂಫಿ ಪೇಂಟಲ್ ಅವರು ಧರಿಸಿದ್ದ ಶಕುನಿಯ ಪಾತ್ರವನ್ನು. ಆ ಕುಂಟುನಡೆ, ಅರೆಮುಚ್ಚಿದ ಒಂದು ಕಣ್ಣು, ಅಂಗೈಯಲ್ಲಿ ದಾಳಗಳನ್ನು ಉಜ್ಜುವ ರೀತಿ, ಸೋದರಳಿಯನನ್ನು ಸಂಬೋಧಿಸುವ ಆ ಜೇನಿನಂತಹ ಸ್ವರ, ಇವು ಮೂವತ್ತೈದು ವರ್ಷಗಳು ಕಳೆದರೂ ಮರೆಯತಕ್ಕವಲ್ಲ.

ಈ ಹಳೆಯ ವಿಷಯವನ್ನು ಈಗ ಎತ್ತುವುದಕ್ಕೆ ಒಂದು ಕಾರಣವುಂಟು. ಈಚೆಗೆ ನಮ್ಮ ವಿದ್ಯಾರ್ಥಿಗಳ ವಾಕ್ಯಾರ್ಥಗೋಷ್ಠಿಯಲ್ಲಿ ಸಭಾಪರ್ವದ ದ್ಯೂತಪ್ರಕರಣವನ್ನು ಕುರಿತು ಚರ್ಚೆ ನಡೆಯುತ್ತಿರಲು, ಬುದ್ಧಿವಂತನಾದ ಒಬ್ಬ ಹುಡುಗನು ಎದ್ದು ನಿಂತು, "ಶಕುನಿಯು ಮಾಡಿದ್ದರಲ್ಲಿ ದೋಷವೇನಿದೆ? ಅವನ ತಂದೆಯನ್ನೂ ಅಣ್ಣತಮ್ಮಂದಿರನ್ನೂ ಉಪವಾಸ ಕೆಡವಿ ಕೊಂದವರ ಮೇಲೆ ಸೇಡು ತೀರಿಸಿಕೊಂಡನು. ಅವನ ಸೋದರಿಯನ್ನು ಬಲವಂತದಿಂದ ಕುರುಡನಿಗೆ ಕಟ್ಟಿದರು. ಆತ್ಮಗೌರವವುಳ್ಳವನು ಮತ್ತೇನು ಮಾಡಬೇಕಾಗಿತ್ತು?" ಎಂದು ಕೇಳಿದನು. ಅಲ್ಲಿದ್ದವರಲ್ಲಿ ಹೆಚ್ಚಿನವರು ತಲೆದೂಗಿದರು. ಆ ಹುಡುಗನು ಮೂಲವನ್ನು ಓದದವನಲ್ಲ. ಓದಿಯೂ ತಾನು ನೋಡಿದ ಕಥೆಯನ್ನೇ ಮೂಲದಲ್ಲಿ ಕಂಡನು. ನಾನು ಆ ದಿನ ಕೊಟ್ಟ ಉತ್ತರವು ನನಗೇ ತೃಪ್ತಿಕರವಾಗಿರಲಿಲ್ಲ. ಆದುದರಿಂದ ಸಾವಕಾಶವಾಗಿ ವಿಚಾರಮಾಡಿ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಪೂರ್ವಪಕ್ಷವನ್ನು ಸರಿಯಾಗಿ ವಿಂಗಡಿಸಿಕೊಳ್ಳಬೇಕು. ಶಕುನಿಯ ಸೇಡೆಂದು ಜನರು ಹೇಳುವುದರಲ್ಲಿ ಎರಡು ಬೇರೆ ಬೇರೆ ಕಥೆಗಳು ಬೆರೆತುಕೊಂಡಿವೆ. ಒಂದನೆಯದು ಜನಪದದ ಬಾಯಿಯಲ್ಲಿ ಬಂದ ಸೆರೆಮನೆಯ ಕಥೆ. ಗಾಂಧಾರಿಯ ಜಾತಕದೋಷ ಪರಿಹಾರಕ್ಕಾಗಿ ಆಕೆಯನ್ನು ಮೊದಲು ಒಂದು ಆಡಿಗೆ ಕೊಟ್ಟು ಮದುವೆ ಮಾಡಿದ್ದರೆಂಬ ಗುಟ್ಟು ಕೌರವರಿಗೆ ತಿಳಿದು, ಅವರು ಸುಬಲನನ್ನೂ ಅವನ ಮಕ್ಕಳನ್ನೂ ಸೆರೆಯಲ್ಲಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಅಗುಳು ಅನ್ನ ಕೊಟ್ಟರೆಂತಲೂ, ಎಲ್ಲರೂ ತಮ್ಮ ಪಾಲನ್ನು ಶಕುನಿಗೆ ಒಪ್ಪಿಸಿ ತಾವು ಸತ್ತರೆಂತಲೂ, ತಂದೆಯ ಮೂಳೆಯಿಂದಲೇ ಅವನು ದಾಳಗಳನ್ನು ಮಾಡಿಕೊಂಡನೆಂತಲೂ ಹೇಳುವುದುಂಟು. ಸೆರೆ ಹಾಕಿದವನು ಯಾರೆಂಬ ವಿಷಯದಲ್ಲಿ ಪಾಠಾಂತರಗಳಿವೆ. 1966ರ ಶ್ರೀಕೃಷ್ಣಪಾಂಡವೀಯಂ ಎಂಬ ತೆಲುಗು ಚಲಚ್ಚಿತ್ರವು ಈ ಕಥೆಯನ್ನು ಬೆಳ್ಳಿಯ ಪರದೆಯ ಮೇಲೆ ತಂದಿತು. ಇದರಲ್ಲಿ ಶಕುನಿಯ ವೈರವು ದುರ್ಯೋಧನಾದಿಗಳ ಮೇಲೆಯೇ. ಅಳಿಯನ ಮೇಲಿನ ಪ್ರೀತಿಯು ಬರಿಯ ನಟನೆ.

ಎರಡನೆಯದು ದೂರದರ್ಶನದ ಕಥೆ. ಇಲ್ಲಿ ಅಂಧನಾದ ಧೃತರಾಷ್ಟ್ರನಿಗೆ ಸೋದರಿಯನ್ನು ಕೊಡಬೇಕಾಗಿ ಬಂದುದೇ ಶಕುನಿಯ ಎದೆಯಲ್ಲಿ ನೆಟ್ಟ ಮುಳ್ಳು. 2013ನೆಯ ಇಸವಿ ಸೆಪ್ಟೆಂಬರಿನಿಂದ 2014ರ ಆಗಸ್ಟಿನವರೆಗೆ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ಬಂದ ಇನ್ನೊಂದು ಮಹಾಭಾರತದಲ್ಲಿ ಈ ಕಾರಣವು ಮತ್ತಷ್ಟು ಸ್ಪಷ್ಟವಾಯಿತು. ಪ್ರಣೀತ್ ಭಟ್ ಅವರು ಅಭಿನಯಿಸಿದ ಆ ಶಕುನಿಗೆ ಭೀಷ್ಮನ ಮೇಲಿನ ಪ್ರತೀಕಾರವೇ ಬಾಳಿನ ಉದ್ದೇಶ. ಆ ಧಾರಾವಾಹಿಯೇ 2020ರಲ್ಲಿ ಕನ್ನಡದ ಮಾತುಗಳೊಡನೆ ನಮ್ಮ ಮನೆಗಳಿಗೂ ಬಂದಿತು. ಮೊದಲನೆಯ ಕಥೆಯಲ್ಲಿ ಅಳಿಯನನ್ನು ಕೆಡಿಸುವುದಕ್ಕಾಗಿ ಸೇಡು. ಎರಡನೆಯದರಲ್ಲಿ ಸೇಡಿಗೆ ಅಳಿಯನು ಸಾಧನ. ನಮ್ಮ ವಿದ್ಯಾರ್ಥಿಯು ಎರಡನ್ನೂ ಒಂದೇ ಉಸುರಿನಲ್ಲಿ ಹೇಳಿದನು.

ಮೂಲದಲ್ಲಿಲ್ಲದುದನ್ನು ಕಲ್ಪಿಸಿದರೆಂಬ ಮಾತ್ರಕ್ಕೆ ಇವನ್ನು ತಳ್ಳಿಹಾಕುವುದು ನಮ್ಮ ಶಾಸ್ತ್ರಕ್ಕೆ ಸಮ್ಮತವಲ್ಲ. ಇತಿಹಾಸದಿಂದ ಬಂದ ಕಥೆಯಲ್ಲಿ ರಸಕ್ಕೆ ಅನನುಗುಣವಾದುದನ್ನು ಬಿಟ್ಟು, ನಡುವೆ ಉಚಿತವಾದ ಕಥೆಯನ್ನು ಕಲ್ಪಿಸಿಕೊಳ್ಳಲು ಕವಿಗೆ ಅಧಿಕಾರವುಂಟೆಂದು ಆನಂದವರ್ಧನನೇ ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಹೇಳಿದ್ದಾನೆ. ದಶರೂಪಕಕಾರನಾದ ಧನಂಜಯನ ಮತವೂ ಇದೇ. ಭವಭೂತಿಯು ಮಹಾವೀರಚರಿತದಲ್ಲಿ ವಾಲಿವಧೆಯ ರೀತಿಯನ್ನೇ ಬದಲಾಯಿಸಿರುವನು. ಅದಕ್ಕಾಗಿ ಅವನನ್ನು ಯಾರೂ ದೂಷಿಸಲಿಲ್ಲ. ಆದುದರಿಂದ ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಈ ಕಲ್ಪನೆಯು ಮೂಲದಲ್ಲಿದೆಯೋ ಇಲ್ಲವೋ ಎಂಬಷ್ಟೇ ಅಲ್ಲ. ಇದನ್ನು ಸೇರಿಸಿದುದರಿಂದ ರಸಕ್ಕೆ ಪೋಷಣೆಯಾಯಿತೋ ಹಾನಿಯಾಯಿತೋ, ಕಥೆಯ ಧರ್ಮವಿಚಾರಕ್ಕೆ ಏನಾಯಿತು ಎಂಬುದು ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ವ್ಯಾಸನ ಶಕುನಿಯು ಎಂಥವನೆಂಬುದನ್ನು ಮೊದಲು ನೋಡಬೇಕು.

ಆದಿಪರ್ವದಲ್ಲಿ ಭೀಷ್ಮನು ಗಾಂಧಾರರಾಜನಲ್ಲಿಗೆ ಕನ್ಯಾರ್ಥವಾಗಿ ದೂತರನ್ನು ಕಳುಹಿಸುತ್ತಾನೆ. ವರನು ಅಂಧನೆಂದು ಸುಬಲನು ಹಿಂದುಮುಂದು ನೋಡಿದುದು ನಿಜ. ಆದರೆ ಕುಲ, ಕೀರ್ತಿ, ನಡತೆಗಳನ್ನು ಎಣಿಸಿ ಮಗಳನ್ನು ಕೊಡಲು ಒಪ್ಪಿದನು. ಶಕುನಿಯು ತಾನೇ ಸೋದರಿಯನ್ನು ಐಶ್ವರ್ಯದೊಡನೆ ಕರೆತಂದು ಧೃತರಾಷ್ಟ್ರನಿಗೆ ಒಪ್ಪಿಸಿ, ಭೀಷ್ಮನಿಂದ ಸತ್ಕೃತನಾಗಿ ತನ್ನ ಪಟ್ಟಣಕ್ಕೆ ಹಿಂದಿರುಗಿದನು. ಇಲ್ಲಿ ಬಲಾತ್ಕಾರದ ಮಾತಿಲ್ಲ, ಪ್ರತಿಜ್ಞೆಯ ಮಾತೂ ಇಲ್ಲ.

ಇನ್ನು ಸೆರೆಮನೆಯ ಕಥೆಯನ್ನು ನೋಡೋಣ. ಮದುವೆಯಾಗಿ ಎಷ್ಟೋ ಕಾಲವಾದ ಮೇಲೆ ಯುಧಿಷ್ಠಿರನ ರಾಜಸೂಯಕ್ಕೆ ಬಂದ ರಾಜರ ಪಟ್ಟಿಯಲ್ಲಿ ಶಕುನಿಯೊಡನೆ ಸುಬಲನ ಹೆಸರೂ ಇದೆ. ಯಾಗವು ಮುಗಿದು ರಾಜರು ಹೊರಡುವಾಗ ಪುತ್ರಸಹಿತನಾದ ಸುಬಲನನ್ನು ನಕುಲನು ಕಳುಹಿಸಿಕೊಟ್ಟನೆಂದು ಹೇಳಿದೆ. ಹಾಗಾದರೆ ದ್ಯೂತದ ದಾಳಗಳು ಅವನ ಮೂಳೆಯಿಂದ ಆದುವೆಂಬುದು ಹೇಗೆ ಘಟಿಸೀತು? ಅಣ್ಣತಮ್ಮಂದಿರು ಹಸಿವಿನಿಂದ ಸತ್ತವರಲ್ಲ. ಅವರಲ್ಲಿ ಹಲವರು ಭೀಷ್ಮಪರ್ವದಲ್ಲಿ ಅರ್ಜುನನ ಮಗನಾದ ಇರಾವಂತನ ಕೈಯಲ್ಲಿ ಮಡಿದರು. ವೃಷಕ, ಅಚಲರೆಂಬಿಬ್ಬರು ದ್ರೋಣಪರ್ವದಲ್ಲಿ ಅರ್ಜುನನ ಬಾಣಕ್ಕೆ ಬಿದ್ದರು. ಶಕುನಿಗೆ ಪ್ರತೀಕಾರಕ್ಕೆ ನಿಜವಾದ ಕಾರಣವೊಂದು ಒದಗಿದುದು ಆ ದಿನ. ಆಗ ಅವನು ಮಾಯೆಯನ್ನು ಪ್ರಯೋಗಿಸಿ, ಅದು ಸಾಗದಿರಲು ಕುದುರೆಗಳನ್ನು ಓಡಿಸಿಕೊಂಡು ಹಿಮ್ಮೆಟ್ಟಿದನು. ಸೇಡಿಗೋಸ್ಕರವೇ ಬದುಕಿದವನ ನಡತೆಯು ಹೀಗಿರುವುದಿಲ್ಲ.

ಇದಕ್ಕಿಂತಲೂ ಬಲವಾದ ಪ್ರಮಾಣಗಳು ಎರಡಿವೆ. ರಾಜಸೂಯದ ವೈಭವವನ್ನು ಕಂಡು ಕುದಿಯುತ್ತ ದುರ್ಯೋಧನನು ಬೆಂಕಿಯಲ್ಲಿ ಬೀಳುವೆನು, ವಿಷ ಕುಡಿಯುವೆನು ಎಂದಾಗ, ಶಕುನಿಯು ತೆಗೆದ ಮೊದಲ ಮಾತು ದ್ಯೂತವಲ್ಲ. ಯುಧಿಷ್ಠಿರನ ವಿಷಯದಲ್ಲಿ ಅಮರ್ಷವು ಸಲ್ಲದು, ಅವರು ತಮ್ಮ ಭಾಗ್ಯವನ್ನು ತಾವು ಅನುಭವಿಸುತ್ತಿರುವರು, ನಿನಗೂ ದ್ರೋಣ ಕರ್ಣಾದಿಗಳ ಸಹಾಯವುಂಟು, ಸೋದರರೊಡನೆ ನಾನೂ ಇದ್ದೇನೆ ಎಂಬುದೇ ಅವನ ಮೊದಲ ಉಪದೇಶ. ಅಳಿಯನು ಕೇಳದೆ ಹೋದ ಮೇಲೆಯೇ ದಾಳದ ಮಾತು ಬಂದಿತು. ಎರಡನೆಯ ಪ್ರಮಾಣವು ವನಪರ್ವದ ಘೋಷಯಾತ್ರೆಯಲ್ಲಿದೆ. ಗಂಧರ್ವರ ಸೆರೆಯಿಂದ ಪಾಂಡವರೇ ಬಿಡಿಸಿದರೆಂಬ ಲಜ್ಜೆಯಿಂದ ದುರ್ಯೋಧನನು ಪ್ರಾಯೋಪವೇಶಕ್ಕೆ ಕುಳಿತಾಗ, ಅವರು ಮಾಡಿದ ಉಪಕಾರವನ್ನು ನೆನೆ, ಅವರ ರಾಜ್ಯವನ್ನು ಅವರಿಗೆ ಹಿಂದಕ್ಕೆ ಕೊಡು, ಸಹೋದರಭಾವದಿಂದ ಬಾಳು ಎಂದು ಹೇಳಿದವನು ಶಕುನಿ! ಕುರುಕುಲದ ನಾಶವನ್ನು ಬಯಸಿದವನಿಗೆ, ದುರ್ಯೋಧನನು ಉಪವಾಸದಿಂದ ಸತ್ತಿದ್ದರೆ ಒಂದು ವಿಧದಲ್ಲಿ ಲಾಭ, ಯುದ್ಧವಾಗಿದ್ದರೆ ಇನ್ನೊಂದು ವಿಧದಲ್ಲಿ ಲಾಭ, ಸಂಧಿಯೊಂದೇ ನಷ್ಟ. ಅವನು ಸೂಚಿಸಿದುದು ಆ ಸಂಧಿಯನ್ನೇ. ಈ ಪ್ರಸಂಗವನ್ನು ಸೇಡಿನ ಕಥೆಯೊಡನೆ ಹೊಂದಿಸುವ ಉಪಾಯವು ನನಗೆ ತೋರಲಿಲ್ಲ.

ವ್ಯಾಸನು ಇಂಥ ಕಥೆಯನ್ನು ಸಂಕ್ಷೇಪಕ್ಕಾಗಿ ಬಿಟ್ಟಿರಬಹುದೆಂದು ಹೇಳುವುದೂ ಸಾಧ್ಯವಿಲ್ಲ. ಪ್ರತೀಕಾರವನ್ನು ಹೇಳುವುದರಲ್ಲಿ ಅವನು ಜಿಪುಣನಲ್ಲ. ಭಾರತವು ಹೇಳಲ್ಪಟ್ಟುದೇ ತಂದೆಯ ಸಾವಿಗೆ ಸೇಡು ತೀರಿಸಲು ಜನಮೇಜಯನು ಮಾಡಿದ ಸರ್ಪಯಾಗದಲ್ಲಿ. ಅಂಬೆಯು ಶಿಖಂಡಿಯಾಗಿ ಹುಟ್ಟಿದ ಕಥೆ, ದ್ರೋಣನಿಂದ ಅಪಮಾನಿತನಾದ ದ್ರುಪದನು ಯಜ್ಞದಿಂದ ಧೃಷ್ಟದ್ಯುಮ್ನನನ್ನು ಪಡೆದ ಕಥೆ, ಪಿತೃವಧದಿಂದ ಉರಿದೆದ್ದ ಅಶ್ವತ್ಥಾಮನ ಆ ಘೋರರಾತ್ರಿ, ಇವೆಲ್ಲವನ್ನೂ ಅವನು ಕಾರಣಸಹಿತವಾಗಿ ವಿಸ್ತರಿಸಿ ಹೇಳಿರುವನು. ಅಷ್ಟು ಜನರ ವೈರಕ್ಕೆ ಕಾರಣವನ್ನು ಕೊಟ್ಟವನು ಶಕುನಿಗೆ ಕೊಡಲಿಲ್ಲ. ದ್ವಾಪರವೇ ಶಕುನಿಯಾಗಿ, ಕಲಿಯೇ ದುರ್ಯೋಧನನಾಗಿ ಹುಟ್ಟಿದರೆಂದು ಮಾತ್ರ ಅಂಶಾವತರಣದಲ್ಲಿ ಹೇಳಿ ಸುಮ್ಮನಾದನು.

ಹಾಗಾದರೆ ವ್ಯಾಸನ ಶಕುನಿಗೆ ಆತ್ಮಗೌರವವೆಂಬುದು ಇರಲಿಲ್ಲವೇ? ಇತ್ತು; ಅದು ಇದ್ದ ಸ್ಥಳವು ಬೇರೆ. ಅಧಿಕ್ಷೇಪ, ಅವಮಾನಗಳಿಂದ ಹುಟ್ಟಿ ಪ್ರತೀಕಾರವನ್ನು ಬಯಸುವ ಚಿತ್ತವೃತ್ತಿಗೆ ಅಮರ್ಷವೆಂದು ಆಲಂಕಾರಿಕರು ಹೆಸರಿಟ್ಟಿರುವರು. ಭೀಮನಲ್ಲಿ ಅದು ಪರಿಪೂರ್ಣವಾಗಿದೆ. ಶಕುನಿಯಲ್ಲಿ ಕಾಣುವುದು ಗರ್ವವೆಂಬ ಇನ್ನೊಂದು ಭಾವ. ಅಕ್ಷವಿದ್ಯೆಯಲ್ಲಿ ತನಗೆ ಸಮಾನನು ಮೂರು ಲೋಕದಲ್ಲಿಯೂ ಇಲ್ಲವೆಂದು ಅವನು ಹೇಳಿಕೊಳ್ಳುತ್ತಾನೆ. ಪಣವನ್ನು ಬಿಲ್ಲಿಗೂ ದಾಳಗಳನ್ನು ಬಾಣಗಳಿಗೂ ಆಟದ ಹಾಸನ್ನು ರಥಕ್ಕೂ ಹೋಲಿಸುತ್ತಾನೆ. ಈ ರೂಪಕವನ್ನು ಸ್ವಲ್ಪ ಗಮನಿಸಬೇಕು. ಬಿಲ್ಲು, ಬಾಣ, ರಥ ಇವು ಕ್ಷತ್ರಿಯನ ಮಾನದ ಗುರುತುಗಳು. ಭೀಷ್ಮ, ದ್ರೋಣ, ಕರ್ಣರಿಂದ ತುಂಬಿದ ಆ ಸಭೆಯಲ್ಲಿ ಗಾಂಧಾರದವನಿಗೆ ಧನುರ್ವಿದ್ಯೆಯಿಂದ ಅಗ್ರಸ್ಥಾನವು ದೊರೆಯುವಂತಿರಲಿಲ್ಲ. ದೊರೆಯುವ ವಿದ್ಯೆಯು ಒಂದೇ ಒಂದಿತ್ತು. ಅಳಿಯನ ಕಷ್ಟವು ಅದನ್ನು ತೋರಿಸುವುದಕ್ಕೆ ಸಂದರ್ಭವಾಯಿತು. ಒಂದು ಕಡೆ ಅಳಿಯನ ಮೇಲಿನ ಮೋಹ, ಇನ್ನೊಂದು ಕಡೆ ತನ್ನ ಕೈಚಳಕದ ಹೆಮ್ಮೆ, ಈ ಎರಡೇ ಸೇರಿ ಒಂದು ವಂಶವನ್ನು ಸುಟ್ಟವು. ಅಪಕಾರವನ್ನು ಪಡೆದವನೇ ಅಪಕಾರವನ್ನು ಮಾಡುವನೆಂಬ ನಿಯಮವಿಲ್ಲವೆಂದು ತೋರಿಸುವುದೇ ಇಲ್ಲಿ ಕವಿಯ ತಾತ್ಪರ್ಯವೆಂದು ನನಗೆ ತೋರುತ್ತದೆ.

ಇನ್ನು ರಸವಿಚಾರ. ಲೋಭಿ, ಧೀರೋದ್ಧತ, ಹಟಗಾರ, ಪಾಪಕಾರಿ, ವ್ಯಸನಿ ಎಂದು ದಶರೂಪಕವು ಹೇಳುವ ಪ್ರತಿನಾಯಕಲಕ್ಷಣವು ಅನ್ವಯಿಸತಕ್ಕದ್ದು ದುರ್ಯೋಧನನಿಗೆ. ಶಕುನಿಯು ಪ್ರತಿನಾಯಕನ ಸಹಾಯಕನು. ಸೇಡಿನ ಕಾರಣವನ್ನು ಸೇರಿಸಿದೊಡನೆ ಈ ಸಂಬಂಧವು ತಲೆಕೆಳಗಾಗುತ್ತದೆ. ಸಹಾಯಕನೇ ಪ್ರತಿನಾಯಕನಾಗಿ, ಪ್ರತಿನಾಯಕನು ಅವನ ಕೈಯ ಬೊಂಬೆಯಾಗುತ್ತಾನೆ. ನಮ್ಮ ಪಂಪನು ದುರ್ಯೋಧನನ ಛಲವನ್ನೂ ಕರ್ಣನ ಸತ್ಯವನ್ನೂ ಎತ್ತಿ ಹಿಡಿದು, ಕಾವ್ಯಾಂತ್ಯದಲ್ಲಿ ಶಲ್ಯನನ್ನು ಕೂಡ ಬಲಕ್ಕಾಗಿ ಸ್ಮರಿಸಿರುವನು. ಶತ್ರುಪಕ್ಷಕ್ಕೆ ಅಷ್ಟು ಉದಾರನಾದ ಆ ಮಹಾಕವಿಯು ಆ ಪದ್ಯದಲ್ಲಿ ಶಕುನಿಗೆ ಎಡೆಗೊಡಲಿಲ್ಲ. ಛಲವು ದುರ್ಯೋಧನನದೇ ಆಗಿದ್ದರೆ ಮಾತ್ರ ಅದು ಗುಣವೂ ಹೌದು ದೋಷವೂ ಹೌದು. ಮಾವನು ಬಿತ್ತಿದ ಛಲಕ್ಕೆ ಅಳಿಯನನ್ನು ಮೆಚ್ಚುವುದೂ ಇಲ್ಲ, ದೂಷಿಸುವುದೂ ಇಲ್ಲ.

ಸೆರೆಮನೆಯ ಕಥೆಯಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಶಕುನಿಯ ಸ್ನೇಹವೆಲ್ಲವೂ ಅವಹಿತ್ಥ, ಎಂದರೆ ಭಾವವನ್ನು ಮರೆಮಾಡುವ ನಟನೆ. ಅವಹಿತ್ಥವು ಸಂಚಾರಿಭಾವ, ಅದು ತೆರೆಯಂತೆ ಎದ್ದು ಅಡಗತಕ್ಕದ್ದು. ಆದಿಯಿಂದ ಅಂತ್ಯದವರೆಗೆ ಒಬ್ಬನಲ್ಲಿ ಅದೊಂದೇ ಇದ್ದರೆ ಪ್ರೇಕ್ಷಕನಿಗೆ ಕುತೂಹಲವು ಹುಟ್ಟೀತು, ರಸವು ಹುಟ್ಟಲಾರದು. ದೂರದರ್ಶನದ ಕಥೆಯಲ್ಲಿ ಈ ದೋಷವಿಲ್ಲ. ಅಲ್ಲಿ ಅಳಿಯನ ಮೇಲಿನ ಪ್ರೀತಿಯು ನಿಜವಾದುದು, ನಟರೂ ಅದನ್ನು ಸೊಗಸಾಗಿ ತೋರಿಸಿರುವರು. ಆದರೆ ಅಲ್ಲಿ ಬೇರೊಂದು ಅಸಂಗತಿಯಿದೆ. ಕನ್ಯೆಯನ್ನು ಕೇಳಿದವನು ಭೀಷ್ಮ, ಕೊಟ್ಟವನು ಸುಬಲ. ಕೂದಲು ಹಿಡಿದು ಸಭೆಗೆ ಎಳೆಯಲ್ಪಟ್ಟವಳು ದ್ರೌಪದಿ! ಕಾರಣವು ಒಂದು ಕಡೆ, ಕಾರ್ಯವು ಮತ್ತೊಂದು ಕಡೆ. ಅಲಂಕಾರದಲ್ಲಿ ಇದು ಚಮತ್ಕಾರವಾದೀತು. ಧರ್ಮದಲ್ಲಿ ಇದಕ್ಕೆ ಸಮಾಧಾನವಿಲ್ಲ. ಒಬ್ಬ ಹೆಣ್ಣಿಗಾದ ಅವಮಾನವನ್ನು ಇನ್ನೊಬ್ಬ ಹೆಣ್ಣಿನ ಅವಮಾನದಿಂದ ತೊಳೆಯಬಹುದೆಂದು ನಮ್ಮ ವಿದ್ಯಾರ್ಥಿಯೂ ಹೇಳಲಾರನು.

ಆ ಮೊದಲನೆಯ ಹೆಣ್ಣಿನ ಅಭಿಪ್ರಾಯವನ್ನಾದರೂ ಕೇಳಿದವರುಂಟೇ? ಗಾಂಧಾರಿಯು ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡಳು. ಅನುದ್ಯೂತದ ಕಾಲದಲ್ಲಿ ದುರ್ಯೋಧನನನ್ನು ತ್ಯಜಿಸಬೇಕೆಂದು ಗಂಡನಿಗೆ ಹೇಳಿದವಳು ಆಕೆ. ಉದ್ಯೋಗಪರ್ವದಲ್ಲಿ ತುಂಬಿದ ಸಭೆಯಲ್ಲಿ ಮಗನಿಗೆ ಬುದ್ಧಿ ಹೇಳಿದವಳೂ ಆಕೆಯೇ. ಸ್ತ್ರೀಪರ್ವದಲ್ಲಿ ತಮ್ಮನ ಹೆಣವನ್ನು ಕಂಡು, ಸ್ವರ್ಗದಲ್ಲಿಯೂ ಇವನು ತನ್ನ ಮಕ್ಕಳಲ್ಲಿ ವಿರೋಧವನ್ನು ಹುಟ್ಟಿಸದಿರಲಿ ಎಂದು ಆಕೆ ಕಳವಳಪಡುತ್ತಾಳೆ. ಯಾರಿಗಾಗಿ ಸೇಡೆಂದು ಹೇಳುವರೋ ಆಕೆಯು ಆ ಸೇಡನ್ನು ಬೇಡಲಿಲ್ಲ; ಅದರ ಫಲವನ್ನು ಮಾತ್ರ ನೂರು ಹೆಣಗಳ ರೂಪದಲ್ಲಿ ಉಂಡಳು. ಸೋದರಿಯ ಗೌರವವೆಂದು ಹೇಳಿ ತನ್ನ ಗೌರವವನ್ನು ಸಾಧಿಸಹೊರಟವನ ಚಿತ್ರವನ್ನು ದೂರದರ್ಶನವು ಈ ದೃಷ್ಟಿಯಿಂದ ಬರೆದಿದ್ದರೆ, ಆ ಕಲ್ಪನೆಯನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತಿದ್ದೆನು.

ಎಲ್ಲಕ್ಕಿಂತ ದೊಡ್ಡ ಹಾನಿಯು ಸಭೆಯ ವಿಷಯದಲ್ಲಿ ಆಗಿರುವುದು. ದ್ಯೂತವು ನಡೆಯುತ್ತಿರುವಾಗ, ಗೆದ್ದುದಾಯಿತೇ ಎಂದು ಮತ್ತೆ ಮತ್ತೆ ಕೇಳುತ್ತ ತನ್ನ ಹರ್ಷವನ್ನು ಅಡಗಿಸಲಾರದೆ ಹೋದವನು ಧೃತರಾಷ್ಟ್ರ. ದ್ರೌಪದಿಯ ಪ್ರಶ್ನೆಗೆ ಧರ್ಮವು ಸೂಕ್ಷ್ಮವೆಂದು ಹೇಳಿ ಜಾರಿಕೊಂಡವನು ಭೀಷ್ಮ. ಪಣವನ್ನು ಒಂದಾದ ಮೇಲೊಂದಾಗಿ ಒಡ್ಡಿದವನು ಯುಧಿಷ್ಠಿರ. ಇವರೆಲ್ಲರೂ ಪರಸ್ಪರ ಬಂಧುಗಳು, ಶಾಸ್ತ್ರಜ್ಞರು, ಯಾರಿಂದಲೂ ಅಪಕಾರವನ್ನು ಪಡೆಯದವರು. ವ್ಯಾಸನು ಆ ಪಾಪವನ್ನು ಇಡಿಯ ಸಭೆಗೆ ಹಂಚಿದನು. ಗಾಂಧಾರದಿಂದ ಬಂದ ಒಬ್ಬ ಹೊರಗಿನವನ ಹಳೆಯ ಗುಟ್ಟಿನ ಪ್ರತಿಜ್ಞೆಯಿಂದಲೇ ಇದೆಲ್ಲವೂ ಆಯಿತೆಂದರೆ, ಉಳಿದವರು ಮೋಸಹೋದವರಾಗುತ್ತಾರೆಯೇ ಹೊರತು ತಪ್ಪಿತಸ್ಥರಾಗುವುದಿಲ್ಲ. ನೋಡುವ ನಮಗೂ ಅದರಿಂದ ಮನಸ್ಸು ಹಗುರಾಗುತ್ತದೆ. ಕೇಡನ್ನು ತಂದವನು ಬೇರೆ ಮನೆಯವನೆಂದು ಎದ್ದು ಹೋಗುತ್ತೇವೆ.

ಹಾಗೆಂದು ಜನಪದದ ಕಥೆಯನ್ನು ಹುಸಿಯೆಂದು ಬದಿಗೊತ್ತತಕ್ಕದ್ದೆಂದು ನನ್ನ ಅಭಿಪ್ರಾಯವಲ್ಲ. ಬಲಿಷ್ಠ ರಾಜ್ಯವೊಂದು ದೂರದೇಶದ ಕನ್ಯೆಯನ್ನು ತನ್ನ ಅಂಧಪುತ್ರನಿಗೆ ಕೇಳಿದಾಗ ತಂದೆಯು ಕೊಟ್ಟ ಒಪ್ಪಿಗೆಯಲ್ಲಿ ಭಯವೆಷ್ಟು, ಸಂತೋಷವೆಷ್ಟು ಎಂಬ ಪ್ರಶ್ನೆಯನ್ನು ಮೂಲವು ಸುಬಲನ ಒಂದು ಕ್ಷಣದ ಆಲೋಚನೆಯಲ್ಲಿಯೇ ಸೂಚಿಸಿ ಬಿಟ್ಟಿದೆ. ಅಲ್ಲಿ ಮಾತಿಲ್ಲದೆ ಉಳಿದ ವ್ಯಥೆಗೆ ಜನರು ಮಾತು ಕೊಟ್ಟರು. ಒಂದೊಂದು ಅಗುಳನ್ನು ಕೂಡಿಸಿ ಒಬ್ಬನನ್ನು ಉಳಿಸಿದ ಆ ಚಿತ್ರವು ಕರುಣರಸಕ್ಕೆ ಉತ್ತಮವಾದ ಉದಾಹರಣೆ. ಆದರೆ ಅದು ಸ್ವತಂತ್ರವಾದ ಬೇರೊಂದು ಕಥೆಯಾಗಿ ನಿಲ್ಲತಕ್ಕದ್ದು. ವ್ಯಾಸನ ಶಕುನಿಗೆ ಅದನ್ನು ಭಾಷ್ಯವಾಗಿ ಹಚ್ಚಿದರೆ ಎರಡೂ ಕೆಡುತ್ತವೆ.

ಕಡೆಯದಾಗಿ ಶಲ್ಯಪರ್ವದ ಒಂದು ಸಂದರ್ಭ. ಹದಿನೆಂಟನೆಯ ದಿನ ಸಹದೇವನು ಶಕುನಿಯ ಕಣ್ಣೆದುರಿಗೇ ಅವನ ಮಗನಾದ ಉಲೂಕನನ್ನು ಕೊಂದನು. ಆ ಹೊತ್ತಿಗೆ ಕೌರವಸೈನ್ಯವು ಮುಗಿದಿತ್ತು, ಭೀಷ್ಮನು ಶರತಲ್ಪದಲ್ಲಿದ್ದನು, ಧೃತರಾಷ್ಟ್ರನ ಮಕ್ಕಳು ಬಹುಮಟ್ಟಿಗೆ ಸತ್ತಿದ್ದರು. ಪ್ರತಿಜ್ಞೆಯೊಂದಿದ್ದರೆ ಅದು ನೆರವೇರಿದ ಘಳಿಗೆಯೇ ಅದು. ಆದರೆ ವ್ಯಾಸನ ಶಕುನಿಯು ಆಗ ನಗಲಿಲ್ಲ. ಕಣ್ಣೀರು ತುಂಬಿ, ನಿಟ್ಟುಸಿರುಬಿಟ್ಟು, ವಿದುರನು ಹಿಂದೆ ಹೇಳಿದ್ದ ಮಾತನ್ನು ನೆನೆದನು. ಬಳಿಕ ಯುದ್ಧಮಾಡಿ ಸತ್ತನು. ಸೇಡು ತೀರಿದವನಿಗೆ ವಿದುರನು ಏಕೆ ನೆನಪಾಗಬೇಕು? ತಡವಾಗಿ ತಿಳಿದವನಿಗೆ ಮಾತ್ರ ಆ ನೆನಪು ಬರುವುದು.

ನಮ್ಮ ನಾಡಿನಲ್ಲಿ ಮನೆಯೊಡೆಯುವ ಬುದ್ಧಿ ಹೇಳುವವನನ್ನು ಶಕುನಿಯೆಂದು ಕರೆಯುವ ವಾಡಿಕೆಯುಂಟು. ಹಾಗೆ ಕರೆಯುವವರು ಅವನ ತಂದೆಗೆ ಯಾರು ಅನ್ನ ನಿಲ್ಲಿಸಿದರೆಂದು ವಿಚಾರಿಸುವುದಿಲ್ಲ. ಅಳಿಯನು ಕೇಳಿದುದಕ್ಕೆಲ್ಲ ಹೂಂಗುಟ್ಟಿ, ತನ್ನ ಜಾಣತನವನ್ನು ಅವನ ಮತ್ಸರಕ್ಕೆ ಒದಗಿಸುವ ಮಾವನನ್ನು ಅವರು ಬಲ್ಲರು. ಈ ಲೋಕವ್ಯವಹಾರವು ವ್ಯಾಸನ ತಾತ್ಪರ್ಯಕ್ಕೆ ಹತ್ತಿರವಾಗಿದೆ. ಮುಂದಿನ ಗೋಷ್ಠಿಯಲ್ಲಿ ಆ ವಿದ್ಯಾರ್ಥಿಗೆ ಘೋಷಯಾತ್ರೆಯ ಪ್ರಕರಣವನ್ನು ಓದಿ ಅರ್ಥ ಹೇಳಬೇಕೆಂದು ನಿಯಮಿಸಿದ್ದೇನೆ. ಅವನು ಆಗಲೂ ಶಕುನಿಯ ಪಕ್ಷವನ್ನು ವಹಿಸಿದರೆ ಆ ವಾದವನ್ನು ಆದರದಿಂದ ಕೇಳುವೆನು. ನಾನು ಇಲ್ಲಿ ಹೇಳಿದುದರಲ್ಲಿ ಸ್ಖಾಲಿತ್ಯವಿದ್ದರೆ ವಿದ್ವಾಂಸರು ತಿದ್ದಬೇಕಾಗಿ ಪ್ರಾರ್ಥನೆ.